ದೋಣಿಸ್ವಾಮಿಗಳ ಹಳೇ ಇಂಜಿನು

ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ ಒಂದು ಕುದ್ರು ಇತ್ತು. ಸುತ್ತಲೂ ನೀರು, ನಡುವೆ ಇಪ್ಪತ್ತು ಮನೆ, ತುದಿಯಲ್ಲೊಂದು ಆಶ್ರಮ.

ಆಶ್ರಮವೆಂದರೆ ಎರಡು ಕೋಣೆ, ಒಂದು ಬಾವಿ, ಒಂದು ದೋಣಿ. ಅಲ್ಲಿದ್ದ ಸ್ವಾಮಿಗಳು ಪ್ರವಚನ ಮಾಡಿದ್ದು ಕಡಿಮೆ. ಕುದ್ರುವಿನವರನ್ನು ಆಚೆ ದಡಕ್ಕೆ ಬಿಟ್ಟು ಬರುವುದೇ ಅವರ ನಿತ್ಯಪೂಜೆ. ಜನ ಅವರನ್ನು ದೋಣಿಸ್ವಾಮಿಗಳು ಎನ್ನುತ್ತಿದ್ದರು.

ದೋಣಿಯ ಹಿಂಬದಿಗೆ ಕಟ್ಟಿದ ಇಂಜಿನಿಗೆ ಇಪ್ಪತ್ತೈದು ವರ್ಷ. ಓಟಕ್ಕೆ ಏನೂ ಕೊರತೆ ಇರಲಿಲ್ಲ. ಆದರೆ ಅದನ್ನು ನೀರಿನಿಂದ ಮೇಲೆತ್ತುವ ಪವರ್ ಟ್ರಿಮ್ ಕೆಟ್ಟಿತ್ತು. ಹಿಂದೆ ಗುಂಡಿ ಒತ್ತಿದರೆ ಸಾಕು, ಎಣ್ಣೆಯ ಒತ್ತಡಕ್ಕೆ ಇಂಜಿನು ತಾನೇ ಮೇಲೇಳುತ್ತಿತ್ತು. ಈಗ ಕಡಲ ನೀರಿನ ಇಳಿತದ ಹೊತ್ತಿನಲ್ಲಿ ಮರಳದಿಬ್ಬ ಸಿಕ್ಕಾಗಲೆಲ್ಲ, ಎಪ್ಪತ್ತು ದಾಟಿದ ಸ್ವಾಮಿಗಳು ಮೊಣಕಾಲುದ್ದದ ನೀರಿಗಿಳಿದು ಅದನ್ನು ಕೈಯಲ್ಲಿ ಎತ್ತಿ ಹಿಡಿಯಬೇಕಿತ್ತು.

ಶಿಷ್ಯ ವಾಮನ ಖಾರ್ವಿ ದೋಣಿಯ ಮುಂದಿನ ತುದಿಯಲ್ಲಿ ನಿಂತು ಗಳ ಊರುತ್ತಿದ್ದ. ಇಂಜಿನಿನ ಹತ್ತಿರ ಮಾತ್ರ ಹೋಗುತ್ತಿರಲಿಲ್ಲ.

ಹದಿನೆಂಟು ವರ್ಷ ಬಂದರಿನಲ್ಲಿ ಅವನು ಇಂಥವೇ ಇಂಜಿನುಗಳ ಮೆಕ್ಯಾನಿಕ್ ಆಗಿದ್ದವನು. ಆಶ್ರಮಕ್ಕೆ ಬಂದ ದಿನವೇ ಹೇಳಿದ್ದ: "ಇನ್ನು ಪಾನಾ, ಸ್ಪ್ಯಾನರು ಮುಟ್ಟುವುದಿಲ್ಲ ಸ್ವಾಮೀ. ವ್ರತ ಹಿಡಿದಿದ್ದೇನೆ."

ಏಕೆಂದು ಸ್ವಾಮಿಗಳು ಕೇಳಲಿಲ್ಲ. ಹಾಗೇ ಮೂರು ವರ್ಷ ಕಳೆಯಿತು.

ಒಂದು ಬೆಳಿಗ್ಗೆ ಮುದುಕಿ ಅಕ್ಕಣಿಯನ್ನು ಆಸ್ಪತ್ರೆಗೆ ಬಿಡಲು ಹೊರಟಿದ್ದರು. ವಾರಕ್ಕೆರಡು ಸಲ ಅವಳು ಹೋಗಲೇಬೇಕು. ದಿಬ್ಬದ ಬಳಿ ಸ್ವಾಮಿಗಳು ನೀರಿಗಿಳಿದರು. ಕಾಲಡಿಯ ಮರಳು ಜಾರಿತು. ಎತ್ತಿ ಹಿಡಿದಿದ್ದ ಇಂಜಿನು ಅವರ ಎಡಗೈಯ ಮೇಲೆ ಕುಸಿಯಿತು.

ಎರಡು ಬೆರಳು ಜಜ್ಜಿದ್ದವು. ಅವರು ಅಂಗವಸ್ತ್ರದ ಅಂಚು ಹರಿದು ಸುತ್ತಿಕೊಂಡು, ಬಲಗೈಯಿಂದ ಮತ್ತೆ ಎತ್ತಿದರು. ಅಕ್ಕಣಿ ಆಸ್ಪತ್ರೆ ಸೇರಿದಳು.

ವಾಪಸಾಗುವಾಗ ವಾಮನ ಅಂದ, "ಪೇಟೆಯಿಂದ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಬಾರದೇ ಸ್ವಾಮೀ?"

"ಒಬ್ಬ ಬಂದು ಮೂರು ವರ್ಷವಾಯಿತಲ್ಲ."

"ನನ್ನ ವ್ರತ ನಿಮಗೆ ಗೊತ್ತು."

"ಗೊತ್ತಿಲ್ಲದೆ ಏನು? ದಿನಕ್ಕೆ ಎಂಟು ಸಲ ಅದನ್ನು ಎತ್ತುವವನು ನಾನು. ಭಾರವಿದೆ."

ವಾಮನ ಆ ಮಧ್ಯಾಹ್ನ ಊಟ ಮಾಡಲಿಲ್ಲ. ಅಡುಗೆಕೋಣೆಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಇತ್ತು. ಭಕ್ತರೊಬ್ಬರು ಕಳಿಸಿದ್ದ ಹೊಸ ಟ್ರಿಮ್. ಆರು ತಿಂಗಳಿಂದ ಯಾರೂ ಅದನ್ನು ಬಿಚ್ಚಿರಲಿಲ್ಲ. ಅವನು ಬಿಚ್ಚಿದ.

ಕೆಲಸ ಮೂರು ದಿನ ಹಿಡಿಯಿತು. ಇಂಜಿನನ್ನು ಮೇಲೆತ್ತಿ ಹಗ್ಗದಿಂದ ಬಿಗಿದು, ಕೆಳಗೆ ಮರದ ದಿಮ್ಮಿ ಕೊಟ್ಟ. ಉಪ್ಪುನೀರಿಗೆ ಬೋಲ್ಟುಗಳು ಕಚ್ಚಿ ಕೂತಿದ್ದವು. ಬಿಸಿ ಮಾಡಿದ, ಎಣ್ಣೆ ಬಿಟ್ಟ, ಕಾದ. ಒಂದು ಬೋಲ್ಟಂತೂ ಎರಡನೇ ದಿನದ ಸಂಜೆಗೆ ಮಿಸುಕಿತು. ಕೈಗಳು ಏನನ್ನೂ ಮರೆತಿರಲಿಲ್ಲ. ಅದು ಅವನಿಗೆ ಹಿತವೆನಿಸಲಿಲ್ಲ.

ಮೂರನೇ ದಿನ ಹೊಸ ಟ್ರಿಮ್ ಕೂರಿಸಿ, ವಯರು ಸೇರಿಸಿ, ಎಣ್ಣೆ ತುಂಬಿದ. ಗುಂಡಿ ಒತ್ತಿದ. ಇಂಜಿನು ಎದ್ದಿತು, ಎದ್ದು ಮೆಲ್ಲಗೆ ಕುಸಿಯಿತು.

"ಕೆಟ್ಟಿದೆಯೋ?" ಸ್ವಾಮಿಗಳು ಕೇಳಿದರು.

"ಇಲ್ಲ, ಒಳಗೆ ಗಾಳಿ ಸೇರಿದೆ. ಏರಿಸಿ ಇಳಿಸಿ, ಏರಿಸಿ ಇಳಿಸಿ ಗಾಳಿ ಹೊರಗೆ ಬಿಡಬೇಕು. ಆಮೇಲೆ ಮತ್ತೆ ಎಣ್ಣೆ."

"ಎಷ್ಟು ಸಲ?"

"ಗುಳ್ಳೆ ನಿಲ್ಲುವವರೆಗೆ."

ಅವನು ಗುಂಡಿ ಒತ್ತುತ್ತ ಹೋದ. ಎಣ್ಣೆಯಲ್ಲಿ ಗುಳ್ಳೆಗಳೇಳುತ್ತಿದ್ದವು. ನಾಲ್ಕನೇ ಸಲಕ್ಕೆ ಅವನ ಕೈ ನಿಂತಿತು.

"ಅವತ್ತು ನಾಲ್ಕೇ ಸಲ ಮಾಡಿದ್ದೆ," ಅಂದ.

ಸ್ವಾಮಿಗಳು ದೋಣಿಯ ಅಂಚಿನಲ್ಲಿ ಕೂತರು.

"ಜಟ್ಟ ಅಂತ. ಬಂದರಿನಲ್ಲಿ ಅವನ ದೋಣಿಗೂ ಹೀಗೇ ಟ್ರಿಮ್ ಕೂರಿಸಿದ್ದೆ. ಮೀನಿಗೆ ಹೊರಡುವ ಅವಸರ ಅವನಿಗೆ. ಮನೆಗೆ ಹೋಗುವ ಅವಸರ ನನಗೆ. ಗುಳ್ಳೆ ಇನ್ನೂ ಬರುತ್ತಿತ್ತು. ಸಾಕು, ನಡೆಯುತ್ತದೆ ಅಂದೆ. ಅಳಿವೆಯಲ್ಲಿ ಎತ್ತಿದ ಇಂಜಿನು ಕುಸಿದು, ನೀರು ತಳ್ಳುವ ಫ್ಯಾನು ಮರಳಿಗೆ ಸಿಕ್ಕಿತಂತೆ. ದೋಣಿ ಅಡ್ಡ ತಿರುಗಿತು. ಅಲೆ ಬಂತು."

"ಜಟ್ಟ?"

"ಮರುದಿನ ಸಿಕ್ಕಿದ. ಹೆಣವಾಗಿ."

ನೀರು ದೋಣಿಯ ಪಕ್ಕೆಗೆ ಬಡಿಯುತ್ತಿತ್ತು.

"ಮೊದಲು ಎಲ್ಲರೂ ಅಲೆಯನ್ನೇ ಬೈದರು. ನಾನೂ ಸುಮ್ಮನಿದ್ದೆ. ಸ್ವಾಮೀ, ಅದು ನನ್ನ ತಪ್ಪೇ?"

"ಹೌದು."

ವಾಮನ ತಲೆಯೆತ್ತಿದ. ಹಾಗಲ್ಲಪ್ಪ, ವಿಧಿ ಎಂದು ಯಾರಾದರೂ ಹೇಳಿಯಾರೆಂದು ಅವನು ಹೆದರಿಕೊಂಡೇ ಇದ್ದ. ಯಾರೂ ಆಡದ ಆ ಒಂದು ಮಾತು ಕಿವಿಗೆ ಬಿದ್ದಾಗ ಎದೆ ಹಗುರಾಗಲಿಲ್ಲ, ಆದರೆ ಉಸಿರು ಪೂರ್ತಿ ಒಳಗೆ ಹೋಯಿತು.

"ಅವನಿಗೆ ಹೆಂಡತಿ ಇದ್ದಾಳೆಯೇ?"

"ಇದ್ದಾಳೆ. ಅವನು ಕುಡಿದು ದೋಣಿ ನಡೆಸಿದ ಅಂತ ಆಮೇಲೆ ಊರವರು ಆಡಿಕೊಂಡರು. ಅವಳೂ ಹಾಗೇ ನಂಬಿದ್ದಾಳೆ."

"ಕುಡಿದಿದ್ದನೇ?"

"ಅವನು ಕುಡಿಯುತ್ತಲೇ ಇರಲಿಲ್ಲ."

ಸ್ವಾಮಿಗಳು ಇಂಜಿನಿನ ಕಡೆ ನೋಡಿದರು. "ಗುಳ್ಳೆ ಇನ್ನೂ ಬರುತ್ತಿದೆ," ಅಂದರು.

ವಾಮನ ಮತ್ತೆ ಗುಂಡಿ ಒತ್ತಿದ. ಹನ್ನೊಂದನೇ ಸಲಕ್ಕೆ ಎಣ್ಣೆ ತಿಳಿಯಾಯಿತು. ಇಂಜಿನನ್ನು ಎತ್ತಿಟ್ಟು ಹೋದ. ಬೆಳಿಗ್ಗೆ ಬಂದು ನೋಡಿದರೆ ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ಆದರೂ ಅವನು ಪಾನಾ ಕೆಳಗಿಡಲಿಲ್ಲ. ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿದ, ಮಗದೊಮ್ಮೆ ಬಿಗಿದ. ದಡದಲ್ಲಿ ನಾಲ್ಕೈದು ಜನ ಕಾಯುತ್ತಿದ್ದರು.

"ಎಂತ ಮಾರಾಯಾ, ಇವತ್ತ್ ಹೋಪ್ದಾ ಇಲ್ಯಾ?" ಅಕ್ಕಣಿ ಕೂಗಿದಳು.

"ಇನ್ನೊಂದು ಸಲ ನೋಡುತ್ತೇನೆ ಸ್ವಾಮೀ. ನಡುನೀರಿನಲ್ಲಿ ಕೈಕೊಟ್ಟರೆ?"

"ಹುಟ್ಟು ಇದೆ," ಎಂದು ಸ್ವಾಮಿಗಳು ದೋಣಿ ಹತ್ತಿ, ಮುಂದಿನ ತುದಿಯಲ್ಲಿ ಗಳ ಹಿಡಿದು ನಿಂತರು. ಇಂಜಿನಿನ ಜಾಗ ಖಾಲಿ ಉಳಿಯಿತು. ವಾಮನ ಹೋಗಿ ಅಲ್ಲಿ ಕೂತ.

ಮರಳದಿಬ್ಬ ಬಂತು. ಅವನು ಗುಂಡಿ ಒತ್ತಿದ. ಇಂಜಿನು ಎದ್ದು ನಿಂತಿತು. ದೋಣಿ ದಿಬ್ಬದ ಮೇಲೆ ತೇಲಿ ದಾಟಿತು. ಯಾರ ಕಾಲೂ ಒದ್ದೆಯಾಗಲಿಲ್ಲ. ಯಾರೂ ಅದನ್ನು ಗಮನಿಸಲೂ ಇಲ್ಲ.

ಆಚೆ ದಡದಲ್ಲಿ ಜನರೆಲ್ಲ ಇಳಿದರು. ರಸ್ತೆಯಲ್ಲಿ ಬಂದರಿನ ಕಡೆ ಹೋಗುವ ಬಸ್ಸು ನಿಂತಿತ್ತು.

"ನೀನೂ ಇಳಿ," ಸ್ವಾಮಿಗಳು ಅಂದರು.

ಎಲ್ಲಿಗೆ ಎಂದು ವಾಮನ ಕೇಳಲಿಲ್ಲ. ಕೈಯ ಮಸಿ ತೊಳೆದುಕೊಂಡು ಇಳಿದ. ನಾಲ್ಕು ಹೆಜ್ಜೆ ಹೋಗಿ ತಿರುಗಿದ.

"ಜಟ್ಟನ ಹೆಂಡತಿಗೆ, ನಿನ್ನ ಗಂಡ ಕುಡಿದಿರಲಿಲ್ಲ ಅನ್ನುತ್ತೇನೆ. ತಪ್ಪು ನನ್ನದು ಅನ್ನುತ್ತೇನೆ. ಆಮೇಲೆ?"

"ಅವಳು ಹೇಳಿದ್ದು ಕೇಳು."

"ಅವಳು ನನ್ನನ್ನು ಯಾವತ್ತೂ ಕ್ಷಮಿಸಲಿಕ್ಕಿಲ್ಲ ಸ್ವಾಮೀ."

ಸ್ವಾಮಿಗಳು ಗಳ ಊರಿ ದೋಣಿಯನ್ನು ದಡದಿಂದ ತಳ್ಳಿದರು.

"ಸಂಜೆ ಇಳಿತವಿರುತ್ತದೆ," ಅಂದರು. "ಇಲ್ಲಿ ಬಂದು ಕೂಗು. ದೋಣಿ ತರುತ್ತೇನೆ."