ಒಂದು ಚೂರು ಸಡಿಲ

"ಗುರುಗಳೇ, ಒಬ್ಬರ ಮೇಲೆ ಜೀವವನ್ನೇ ಇಟ್ಟುಕೊಂಡವನು ಅವರನ್ನು ಬಿಗಿಯಾಗಿ ಹಿಡಿದುಕೊಂಡರೆ ತಪ್ಪೇನು?" ಎಂದು ಶಿಷ್ಯ ರುದ್ರಮುನಿ ಕೇಳಿದ.

ಹೀಗೆ ಕೇಳುವುದಕ್ಕೆ ಕಾರಣವಿತ್ತು. ಮಳೆಗಾಲದಲ್ಲಿ ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದರು. ಏಟು ವಾಸಿಯಾಯಿತು, ಶಿಷ್ಯನ ಹೆದರಿಕೆ ವಾಸಿಯಾಗಲಿಲ್ಲ. ಅಂದಿನಿಂದ ಅವನು ಅವರನ್ನು ಅಂಗಳ ದಾಟಲು ಬಿಟ್ಟಿರಲಿಲ್ಲ. ಸ್ನಾನದ ನೀರನ್ನು ತಾನೇ ಹೊತ್ತು ತರುತ್ತಿದ್ದ. ಅವರ ಊರುಗೋಲನ್ನು ಅಟ್ಟದ ಮೇಲೆ ಇಟ್ಟುಬಿಟ್ಟಿದ್ದ. ಆ ದಿನ ಬೆಳಿಗ್ಗೆ ಗುರುಗಳು ಹೊಳೆಯ ಕಡೆಗೇ ನೋಡುತ್ತ ಕೂತಿದ್ದು, ಅವನು ಕಾಯಿಸಿ ತಂದ ನೀರನ್ನು ಮುಟ್ಟದೆ ಒಳಗೆ ಹೋಗಿದ್ದರು. ಶಿಷ್ಯನಿಗೆ ಅದರಿಂದ ನೋವಾಗಿತ್ತು.

ಗುರುಗಳು ಹೇಳಿದರು: "ಒಬ್ಬ ಲಾರಿಯವನ ಕತೆ ಹೇಳುತ್ತೇನೆ, ಕೇಳು. ಸ್ವಾಮಿಗೆ ಲಾರಿಯ ಉಸಾಬರಿ ಏಕೆ ಎಂದುಕೊಳ್ಳಬೇಡ. ನೀನು ಎರಡು ಸಲ ಬಡಿಸಿಕೊಂಡು ಉಣ್ಣುವ ಅನ್ನದ ಅಕ್ಕಿ ಲಾರಿಯಲ್ಲೇ ಬರುವುದು."

ಒಬ್ಬ ಲಾರಿಯವನಿದ್ದ. ಅವನಿಗೊಬ್ಬಳು ಮಗಳು. ತಾಯಿಯಿಲ್ಲದ ಕೂಸೆಂದು ಅವಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡೇ ಬೆಳೆಸಿದ್ದ. ಅವಳು ದಾರಿ ಕಲಿತಳು, ಗೇರು ಕಲಿತಳು, ಕೊನೆಗೆ ಲಾರಿ ಓಡಿಸುವುದನ್ನೂ ಕಲಿತಳು. ಅಪ್ಪನ ಕಣ್ಣಿನ ನೋಟ ಮಂದವಾದಾಗ, "ಇನ್ನು ನಾನು ಓಡಿಸುತ್ತೇನೆ" ಎಂದಳು. ಒಬ್ಬಳೇ ಹೋಗುವ ಮೊದಲ ಬಾಡಿಗೆಯೂ ಗೊತ್ತಾಯಿತು. ಹೆಂಚು ತುಂಬಿಕೊಂಡು ಘಟ್ಟ ಇಳಿಯಬೇಕು.

ಆ ಹೊತ್ತಿಗೆ ಸರಿಯಾಗಿ ಲಾರಿಯ ಮುಂದಿನ ಚಕ್ರಗಳು ಗುಂಯ್‌ಗುಡತೊಡಗಿದವು. ಬೇರಿಂಗ್ ಸವೆದಿದೆ ಎಂದು ಲಾರಿಯವನಿಗೆ ಕೇಳಿದೊಡನೆ ತಿಳಿಯಿತು. ಬೇರಿಂಗ್ ಹೋದರೆ ಚಕ್ರ ಹೋದಂತೆ. ಹೊಸದನ್ನು ತಂದು, ಮನೆಯ ಮುಂದೆಯೇ ಲಾರಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದುಗಡೆ ಜಾಕ್ ಏರಿಸಿದ. ನೋಟ ಮಂದವಾಗಿದ್ದರೂ ಆ ಕೆಲಸ ಅವನ ಕೈಗೆ ಬರುತ್ತಿತ್ತು. ಚಕ್ರ ಬಿಚ್ಚಿದ. ಹಳೆಯ ಬೇರಿಂಗ್ ಹೊಡೆದು ತೆಗೆದ. ಸೀಮೆಎಣ್ಣೆಯಲ್ಲಿ ಎಲ್ಲವನ್ನೂ ತೊಳೆದು, ಹೊಸ ಬೇರಿಂಗಿಗೆ ಅಂಗೈಯಲ್ಲೇ ಗ್ರೀಸ್ ತುಂಬಿ ಕೂರಿಸಿ, ಚಕ್ರವನ್ನು ಮತ್ತೆ ಅಚ್ಚಿಗೇರಿಸಿದ.

ಇನ್ನು ಅಚ್ಚಿನ ತುದಿಯ ನಟ್ಟು. ಅದಕ್ಕೊಂದು ಕ್ರಮವಿದೆ. ಚಕ್ರವನ್ನು ಕೈಯಿಂದ ತಿರುಗಿಸುತ್ತ ನಟ್ಟನ್ನು ಪೂರ್ತಿ ಬಿಗಿಯಬೇಕು. ಬೇರಿಂಗ್ ಸರಿಯಾಗಿ ಕೂತ ಮೇಲೆ, ಅದಕ್ಕೆ ತಿರುಗಲು ಎಡೆ ಇರುವಂತೆ ಅದೇ ನಟ್ಟನ್ನು ಒಂದು ಚೂರು ಸಡಿಲಿಸಬೇಕು. ಆಮೇಲೆ ಅದು ಕಳಚದಂತೆ ಅಡ್ಡಲಾಗಿ ಒಂದು ಪಿನ್ನು ಹಾಕಬೇಕು. ಲಾರಿಯವನು ಜೀವಮಾನವೆಲ್ಲ ಹಾಗೆಯೇ ಮಾಡಿದ್ದ. ಆದರೆ ಅಂದು ಬಿಗಿದ ಮೇಲೆ ಸಡಿಲಿಸಲು ಅವನ ಕೈ ಬರಲಿಲ್ಲ. ಮಗಳು ಒಬ್ಬಳೇ ಹೋಗುತ್ತಾಳೆ, ಘಟ್ಟದ ದಾರಿ, ಚಕ್ರ ಅಲುಗಾಡಬಾರದು ಎಂದುಕೊಂಡ. ಸಡಿಲಿಸುವ ಬದಲು ಸ್ಪಾನರಿನ ಮೇಲೆ ಮೈಭಾರ ಹಾಕಿ ಇನ್ನಷ್ಟು ಬಿಗಿದ. ಪಿನ್ನು ಹಾಕಿದ. ಆಚೆ ಬದಿಯ ಚಕ್ರಕ್ಕೂ ಹಾಗೆಯೇ ಮಾಡಿದ. ಮನಸ್ಸಿಗೆ ಸಮಾಧಾನವಾಯಿತು.

ಮರುದಿನ ಮಗಳು ಹೊರಟಳು. ಲಾರಿ ಮರೆಯಾದರೂ ಅವನು ಬಾಗಿಲಲ್ಲೇ ನಿಂತಿದ್ದ. ಸ್ವಲ್ಪ ಹೊತ್ತಿಗೆ ಲಾರಿ ಮೆಲ್ಲಗೆ ಹಿಂದಿರುಗಿ ಬಂತು. ಅವನು ಅಂಗಳಕ್ಕೆ ಓಡಿಬಂದ.

ಆದದ್ದು ಇಷ್ಟು. ಚಕ್ರ ಬಿಚ್ಚಿ ಹಾಕಿದ ಮೇಲೆ ಸ್ವಲ್ಪ ದೂರ ಓಡಿಸಿ, ಇಳಿದು, ಚಕ್ರದ ನಡುವಿನ ಗುಂಬಕ್ಕೆ ಅಂಗೈ ತಾಗಿಸಿ ನೋಡಬೇಕೆಂದು ಅವನೇ ಅವಳಿಗೆ ಕಲಿಸಿದ್ದ. ಕೂಸಿನ ಹಣೆ ಮುಟ್ಟಿ ಜ್ವರ ನೋಡಿದ ಹಾಗೆ. ಅವಳು ಊರಾಚೆ ಇಳಿದು ಮುಟ್ಟಿದಳು. ಕೈ ಇಡಲಾಗದಷ್ಟು ಸುಡುತ್ತಿತ್ತು. ಹಾಗೆಯೇ ಘಟ್ಟ ಇಳಿದಿದ್ದರೆ ಬೇರಿಂಗ್ ಸುಟ್ಟು ಚಕ್ರವೇ ಕೈಕೊಡುತ್ತಿತ್ತು. ಅವಳು ಆರಲು ಬಿಟ್ಟು, ನಿಧಾನವಾಗಿ ಮನೆಗೆ ತಂದಿದ್ದಳು.

ಜಾಕ್ ಏರಿಸಿ, ಪಿನ್ನು ಎಳೆದು, ನಟ್ಟಿಗೆ ಸ್ಪಾನರ್ ಹಾಕಿದಳು. ಅದು ಜಗ್ಗಲಿಲ್ಲ. ಅವಳಿಗೆ ಅರ್ಥವಾಯಿತು.

"ಅಪ್ಪಾ, ನೀನು ಓಡಿಸೋವಾಗ ಸಡಿಲ ಬಿಡ್ತಿದ್ದೆ ತಾನೆ?"

"ನಾನು ಓಡಿಸೋದೇ ಬೇರೆ, ಕಣವ್ವಾ. ಈಗ ಹೋಗೋಳು ನೀನು. ಕೈ ಬರಲಿಲ್ಲ."

ಅವಳಿಗೆ ಅಳು ಬಂತು. ಸಿಟ್ಟು ಮಾಡಲಿಲ್ಲ. ಸ್ಪಾನರನ್ನು ಅವನ ಕೈಗೇ ಕೊಟ್ಟಳು. "ನಿಂಗೆ ಎಷ್ಟು ಬಿಟ್ಕೋತಿದ್ದೆಯೋ ನಂಗೂ ಅಷ್ಟೇ ಬಿಡಪ್ಪಾ. ಅಷ್ಟಿದ್ರೆ ನಾನು ವಾಪಸ್ ಬರ್ತೀನಿ."

ಅವನು ಮೊದಲು ಬೇರಿಂಗನ್ನು ಬಿಚ್ಚಿ ತಡವಿ ನೋಡಿದ. ಇನ್ನೂ ಕೆಟ್ಟಿರಲಿಲ್ಲ. ಹೊಸದಾಗಿ ಗ್ರೀಸ್ ತುಂಬಿ ಕೂರಿಸಿದ. ನಟ್ಟನ್ನು ಬಿಗಿದ. ಆಮೇಲೆ ಒಂದು ಚೂರು ಸಡಿಲಿಸಿದ. ಮಗಳು ಚಕ್ರವನ್ನು ಕೈಯಿಂದ ತಳ್ಳಿದಳು. ಅದು ಸದ್ದಿಲ್ಲದೆ ತಿರುಗುತ್ತಲೇ ಇತ್ತು. ಆಚೆ ಬದಿಯ ಚಕ್ರಕ್ಕೂ ಹಾಗೆಯೇ ಮಾಡಿದರು. ಅವಳು ಹೆಂಚು ತುಂಬಿಕೊಂಡು ಘಟ್ಟ ಇಳಿದಳು, ಮಾರನೆಯ ದಿನ ಮನೆಗೆ ಬಂದಳು. ಅವನು ಮೊದಲು ಅವಳ ಹಣೆ ಮುಟ್ಟಿದ, ಆಮೇಲೆ ಹೋಗಿ ಚಕ್ರದ ಗುಂಬ ಮುಟ್ಟಿ ನೋಡಿದ. ಎರಡೂ ತಣ್ಣಗಿದ್ದವು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಆದರೆ ಗುರುಗಳೇ, ಸಡಿಲ ಬಿಟ್ಟ ನಟ್ಟು ದಾರಿಯಲ್ಲಿ ಕಳಚಿ ಬಿದ್ದರೆ?" ಎಂದ.

"ಅದಕ್ಕೇ ಪಿನ್ನು ಇರುವುದು. ಅದು ನಟ್ಟನ್ನು ಬಿಗಿಯುವುದಿಲ್ಲ. ಸುಮ್ಮನೆ ಜೊತೆಗಿರುತ್ತದೆ," ಎಂದು ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

ಶಿಷ್ಯ ತಲೆ ತಗ್ಗಿಸಿದ. ಆಗ ಗುರುಗಳು ಹೇಳಿದರು:

"ಹೋಗು ಮಗು, ಅಟ್ಟದ ಮೇಲಿನ ಕೋಲು ಇಳಿಸಿ ಕೊಡು, ನಾನು ಹೊಳೆಗೆ ನಡೆಯುತ್ತೇನೆ, ನೀನು ಜೊತೆಗೆ ಬಾ."