ಹೊಸ ಹೆಸರು ಹುಡುಕಿದ ತಿರಕಪ್ಪ

ಒಂದು ಬಂದರು ಪೇಟೆಯಲ್ಲಿ ತಿರಕಪ್ಪ ಎಂಬ ಹತ್ತಿ ವ್ಯಾಪಾರಿ ಇದ್ದ. ಹೆಸರು ಕೇಳಿ ನಗಬೇಡಿ. ತಿರುಕ ಎಂದರೆ ಭಿಕ್ಷೆ ಬೇಡುವವನು, ನಿಜ. ಆದರೆ ಈ ತಿರಕಪ್ಪ ಹುಟ್ಟಿದ್ದು ಉಂಡು ಮಿಗುವ ಮನೆಯಲ್ಲಿ. ತಂದೆಯ ಕಾಲದಿಂದಲೂ ಹತ್ತಿ ವ್ಯಾಪಾರ, ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಎರಡಿಲ್ಲ. ಊರಿನವರಿಗೆ ಅವನ ಮೇಲೆ ಅಪಾರ ನಂಬಿಕೆ.

ಹೆಸರೊಂದೇ ಅವನಿಗೆ ಚಿಕ್ಕಂದಿನಿಂದಲೂ ಕಾಲಿಗೆ ಚುಚ್ಚಿದ ಮುಳ್ಳು. ಮಠದಲ್ಲಿ ಅಕ್ಷರ ಕಲಿಯುವಾಗ ಜೊತೆಯ ಹುಡುಗರು ಬೊಗಸೆಯೊಡ್ಡಿ, "ಭವತಿ ಭಿಕ್ಷಾಂ ದೇಹಿ" ಎಂದು ಅವನ ಹಿಂದೆ ಬೀಳುತ್ತಿದ್ದರು. ಅವನು ಅಳುತ್ತ ಮನೆಗೆ ಓಡಿಬಂದು, "ಈ ಹೆಸರು ಬೇಡ, ಬದಲಾಯಿಸು" ಎಂದು ತಾಯಿ ಸಾತವ್ವನ ಸೆರಗು ಜಗ್ಗುತ್ತಿದ್ದ. ಸಾತವ್ವ ಒಂದು ಚೂರು ಬೆಲ್ಲ ಕೊಟ್ಟು ಸುಮ್ಮನಾಗಿಸುತ್ತಿದ್ದಳು. ದೊಡ್ಡವನಾದ ಮೇಲೆ ಅವನು ಬೆಲ್ಲವಿಲ್ಲದೆಯೇ ಸುಮ್ಮನಾಗುವುದನ್ನು ಕಲಿತ. ಯಾರಾದರೂ ಹೆಸರು ಕೇಳಿದರೆ "ಹತ್ತಿ ಅಂಗಡಿಯವನು" ಎಂದು ಹೇಳಿ ಮಾತು ತಪ್ಪಿಸುತ್ತಿದ್ದ.

ಹೀಗಿರುವಾಗ ಪೇಟೆಯ ವರ್ತಕರೆಲ್ಲ ಸೇರಿ ತಿರಕಪ್ಪನನ್ನೇ ಯಜಮಾನನನ್ನಾಗಿ ಆರಿಸಿದರು. ಆ ಪೇಟೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಯಜಮಾನನ ಹೆಸರನ್ನು ಪೇಟೆ ಬಾಗಿಲಿನ ಕಲ್ಲಿನ ಮೇಲೆ ಕೆತ್ತಿಸಬೇಕು. ಒಮ್ಮೆ ಕೆತ್ತಿದರೆ ಮುಗಿಯಿತು, ಅಳಿಸುವ ಮಾತಿಲ್ಲ. ಮೊಮ್ಮಕ್ಕಳ ಮೊಮ್ಮಕ್ಕಳೂ ಅದನ್ನೇ ಓದಬೇಕು.

ವರ್ತಕರಲ್ಲಿ ಹಿರಿಯನಾದ ಪದುಮಶೆಟ್ಟಿ ತಿರಕಪ್ಪನನ್ನು ಪಕ್ಕಕ್ಕೆ ಕರೆದ.

"ನೋಡಪ್ಪಾ, ನೀನು ಬಂಗಾರದಂಥವನು. ಆದರೆ ನಾಳೆ ಹಡಗಿನಿಂದ ಇಳಿದವರು ಆ ಕಲ್ಲು ಓದಿ, ಈ ಪೇಟೆಗೆ ತಿರುಕನೇ ಯಜಮಾನ ಅಂದರೆ ನಮ್ಮ ಮರ್ಯಾದೆ ಏನಾಗಬೇಕು? ಇನ್ನೂ ಎಂಟು ದಿನ ಇದೆ. ಬೇರೆ ಒಂದು ಒಳ್ಳೆಯ ಹೆಸರು ಇಟ್ಟುಕೊಂಡು ಬಾ. ನಾವೆಲ್ಲ ಅದನ್ನೇ ಕರೆಯುತ್ತೇವೆ."

ತಿರಕಪ್ಪನಿಗೆ ಕೋಪ ಬರಲಿಲ್ಲ, ಸಂತೋಷವೇ ಆಯಿತು. ಇಷ್ಟು ವರ್ಷ ಅವನು ಕಾದಿದ್ದೂ ಇದಕ್ಕೇ ಅಲ್ಲವೇ?

ಊರಿನಲ್ಲಿ ಯಾರಿಗೂ ಇಲ್ಲದ ಹೆಸರು ಬೇಕು ಎಂದು ಅವನು ಮಾರನೆಯ ಬೆಳಿಗ್ಗೆಯೇ ಬಂದರಿಗೆ ಹೋದ. ಅಲ್ಲಿ ದೇಶದೇಶದ ಜನ. ಹರಕುಮುರುಕು ಕನ್ನಡವಾದರೂ ವ್ಯಾಪಾರಕ್ಕೆ ಸಾಕಾಗುವಷ್ಟು ಎಲ್ಲರಿಗೂ ಬರುತ್ತಿತ್ತು. ತಿರಕಪ್ಪ ಎಲೆ ಅಡಿಕೆಯ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆಯೂ ಕುಳಿತು ಕೇಳತೊಡಗಿದ.

"ನಿಮ್ಮ ಹೆಸರೇನು? ಅದರ ಅರ್ಥವೇನು?"

ಖರ್ಜೂರ ತಂದಿದ್ದ ಅರಬ ಎದೆ ಉಬ್ಬಿಸಿ ಹೇಳಿದ. "ನಾನು ಸಖರ್. ಅಂದರೆ ಬಂಡೆ. ನಾನು ಹುಟ್ಟಿದಾಗ ಬೆಕ್ಕಿನ ಮರಿಯಷ್ಟಿದ್ದೆನಂತೆ. ಹಾಗಾದರೂ ಗಟ್ಟಿಯಾಗಲಿ ಎಂದು ಅಜ್ಜ ಆ ಹೆಸರಿಟ್ಟ." ಅವನ ತೋಳು ನೋಡಿದರೆ ಅಜ್ಜನ ಆಸೆ ಕೈಗೂಡಿತ್ತು.

ಆಫ್ರಿಕಾದ ನಾವಿಕನೊಬ್ಬ ನಕ್ಕ. "ನಾನು ಕ್ವಾಕು. ಬುಧವಾರ ಹುಟ್ಟಿದ ಗಂಡಿಗೆ ನಮ್ಮಲ್ಲಿ ಆ ಹೆಸರು. ನನ್ನ ಊರಿನ ಸಂತೆಯಲ್ಲಿ ಆ ಹೆಸರು ಕೂಗಿದರೆ ಬುಧವಾರ ಹುಟ್ಟಿದವರೆಲ್ಲ ತಿರುಗಿ ನೋಡುತ್ತಾರೆ."

ಯೆಹೂದಿ ವರ್ತಕನೊಬ್ಬನ ಹೆಸರು ಗೇರ್ಷೋಮ್. ಪರನಾಡಿನಲ್ಲಿ ಪರದೇಶಿಯಾದವನು ಎಂದು ಅದರ ಅರ್ಥವಂತೆ. "ನಮ್ಮಪ್ಪ ಮನೆ ಬಿಟ್ಟು ಸಮುದ್ರ ದಾಟಿದ ವರ್ಷ ನಾನು ಹುಟ್ಟಿದೆ. ಅವನ ಸಂಕಟವನ್ನು ನನ್ನ ಹೆಸರಿನಲ್ಲಿ ಇಟ್ಟ" ಎಂದು ಅವನು ಎಲೆಗೆ ಸುಣ್ಣ ಸವರುತ್ತ ಹೇಳಿದ.

ತಿರಕಪ್ಪನಿಗೆ ಹೆಸರು ಹುಡುಕುವ ಕೆಲಸವೇ ಮರೆತುಹೋಯಿತು. ಒಂದೊಂದು ಹೆಸರಿನ ಹಿಂದೆಯೂ ಒಂದು ಮನೆ, ಒಬ್ಬ ಅಜ್ಜ, ಒಂದು ಪ್ರಯಾಣ! ಅಂಗಡಿಯನ್ನು ಗುಮಾಸ್ತನಿಗೆ ಬಿಟ್ಟು ಏಳು ದಿನ ಬಂದರಿನಲ್ಲೇ ಕಳೆದ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಮಾತು. ಸಾತವ್ವ ಬಡಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಏಳನೆಯ ದಿನ ಕುದುರೆಗಳ ಹಡಗು ಬಂತು. ಕುದುರೆಗಳನ್ನು ಇಳಿಸುತ್ತಿದ್ದ ಮುದುಕನೊಬ್ಬ ಬಹು ದೂರದ ಮಂಗೋಲರ ನಾಡಿನವನು. ತಿರಕಪ್ಪ ತಟ್ಟೆ ಹಿಡಿದು ಅವನ ಮುಂದೆಯೂ ಕುಳಿತ.

"ನನ್ನ ಹೆಸರು ಎನೆಬಿಷ್" ಎಂದ ಮುದುಕ.

"ಅರ್ಥ?"

"ಇವನಲ್ಲ."

"ಯಾರಲ್ಲ?" ಎಂದು ತಿರಕಪ್ಪ ಬೆಪ್ಪಾಗಿ ಕೇಳಿದ.

"ಅದೇ ಹೆಸರು. ಇವನಲ್ಲ. ನನಗಿಂತ ಮೊದಲು ಹುಟ್ಟಿದ ನಾಲ್ಕು ಗಂಡುಮಕ್ಕಳು ತೊಟ್ಟಿಲಲ್ಲೇ ಸತ್ತರು. ನಾನು ಹುಟ್ಟಿದಾಗ ಅಮ್ಮ ಹೆದರಿದಳು. ಸಾವು ಮತ್ತೆ ಬಂದು ಹುಡುಕಿದರೆ, ನೀನು ಹುಡುಕುವ ಮಗು ಇವನಲ್ಲ ಎಂದು ಹೇಳಲು ಈ ಹೆಸರಿಟ್ಟಳು. ನೋಡು, ಎಪ್ಪತ್ತು ವರ್ಷವಾಯಿತು. ಸಾವಿಗೆ ನಾನಿನ್ನೂ ಸಿಕ್ಕಿಲ್ಲ." ಮುದುಕ ಕುದುರೆಯ ಬೆನ್ನು ತಟ್ಟಿ ಕೇಳಿದ. "ನಿನ್ನ ಹೆಸರೇನು?"

ತಿರಕಪ್ಪ ಏಳು ದಿನದಿಂದ ಎಲ್ಲರ ಹೆಸರು ಕೇಳಿದ್ದ, ತನ್ನದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದ. ಅರ್ಥವನ್ನೂ ಹೇಳಿದ. ಮುದುಕ ನಗಲಿಲ್ಲ.

"ಯಾಕೆ ಹಾಗೆ ಇಟ್ಟರು?" ಎಂದ.

ತಿರಕಪ್ಪನಿಗೆ ಅದು ಗೊತ್ತಿರಲಿಲ್ಲ. ಬದಲಾಯಿಸು ಎಂದು ತಾಯಿಯನ್ನು ನೂರು ಸಲ ಕಾಡಿದ್ದ. ಯಾಕಿಟ್ಟೆ ಎಂದು ಒಂದು ಸಲವೂ ಕೇಳಿರಲಿಲ್ಲ. ತಟ್ಟೆಯನ್ನು ಅಲ್ಲೇ ಬಿಟ್ಟು ಅವನು ಮನೆಗೆ ಓಡಿದ.

ಸಾತವ್ವ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಅವಳು ಮೂಡಣದ ಬಯಲು ನಾಡಿನಿಂದ ಈ ಪೇಟೆಗೆ ಸೊಸೆಯಾಗಿ ಬಂದವಳು. ಇಷ್ಟು ವರ್ಷವಾದರೂ ತವರಿನ ಮಾತು ಬಿಟ್ಟಿರಲಿಲ್ಲ. ಯಾರ ಮನೆಯಿಂದಲೂ ಒಂದು ಕೈ ಉಪ್ಪು ಸಹ ಕೇಳಿ ತಂದವಳಲ್ಲ, ಅಷ್ಟು ಸ್ವಾಭಿಮಾನಿ.

"ಅವ್ವಾ, ನನಗ್ಯಾಕೆ ಈ ಹೆಸರಿಟ್ಟೆ?"

ಸಾತವ್ವನ ಕೈ ಮೊರದ ಮೇಲೆಯೇ ನಿಂತಿತು. "ಅಂತೂ ಕೇಳಿದಿ" ಎಂದಳು. ಮೊರವನ್ನು ಪಕ್ಕಕ್ಕಿಟ್ಟು ಹೇಳತೊಡಗಿದಳು.

"ನಿನಗಿಂತ ಮೊದ್ಲು ಮೂರು ಕೂಸು ಹೋದ್ವು, ತಮ್ಮಾ. ಚಂದ ಚಂದ ಹೆಸರು ಇಟ್ಟಿದ್ವಿ ಅವಕ್ಕ. ಒಂದೂ ಉಳೀಲಿಲ್ಲ. ನೀ ಹುಟ್ಟಿದಾಗ ನನ್ನ ತವರಿನ ಪದ್ಧತಿ ನೆನಪಾತು. ಕೂಸು ಉಳೀಬೇಕಂದ್ರ ತಾಯಿ ಐದು ಮನೀಗೆ ಹೋಗಿ ಸೆರಗೊಡ್ಡಿ ಬೇಡಬೇಕು. ಬೇಡಿ ತಂದ ಕಾಳಿನ ಗಂಜಿ ಕುಡಿದು ಹಾಲೂಡಿಸಬೇಕು. ಬೇಡಿ ತಂದ ಬಟ್ಟಿ ಹೊಲಿದು ಕೂಸಿಗೆ ಅಂಗಿ ಹಾಕಬೇಕು. ಹೆಸರೂ ತಿರುಕ ಅಂತನ ಇಡಬೇಕು. ಭಿಕ್ಷಾದ ಕೂಸು ಅಂತ ಸಾವು ಬಿಟ್ಟು ಹೋಗ್ತೈತಂತ. ಕೂಸು ದೊಡ್ಡದಾಗೋ ತನಕ ಕಾರಣ ಮಾತ್ರ ಯಾರಿಗೂ ಹೇಳಬಾರದು."

"ನಮ್ಮ ಮನೆಯಲ್ಲಿ ಕಾಳಿಗೆ ಕೊರತೆ ಇತ್ತೇ?"

"ಕಣಜ ತುಂಬಿತ್ತು. ಬಾಣಂತಿ ಮೈ, ಮಟಮಟ ಮಧ್ಯಾಹ್ನ, ಪ್ಯಾಟಿ ಬೀದ್ಯಾಗ ಸೆರಗೊಡ್ಡಿ ನಿಂತೆ. ಈ ಊರಿನವರಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ. ಹತ್ತಿ ಸಾಹುಕಾರನ ಹೆಂಡ್ತಿಗೆ ತಲಿ ಕೆಟ್ಟೈತಿ ಅಂದ್ರು. ಕೆಲವರು ನಕ್ಕರು. ಆದ್ರೂ ಹಾಕಿದ್ರು. ಐದೂ ಮನಿಯವರು ಹಾಕಿದ್ರು."

"ನನಗಾದರೂ ಯಾಕೆ ಹೇಳಲಿಲ್ಲ?"

"ನೀ ಎಂದರ ಕೇಳಿದ್ಯಾ? ಬದಲಾಯಿಸು ಅಂತಿದ್ದಿ, ಅಷ್ಟ. ಬದಲಾಯಿಸಾಕ ನನಗ ಹೆದರಿಕಿ ಆಗ್ತಿತ್ತು." ಅವಳು ಕಣ್ಣೊರೆಸಿಕೊಂಡಳು. "ಈಗ ದೊಡ್ಡಾವ ಆಗೀದಿ. ಊರಿನ ಯಜಮಾನ. ಬೇಕಾದ್ರ ಬ್ಯಾರೆ ಹೆಸರು ಇಟ್ಕೊ. ನನಗ ಬೇಜಾರಿಲ್ಲ."

ಬೇಜಾರಿತ್ತು. ತಿರಕಪ್ಪನಿಗೆ ಅದು ಗೊತ್ತಾಯಿತು. ಬೇಡಿದರೆ ಸಾವು ನಿಜವಾಗಿಯೂ ಬಿಟ್ಟು ಹೋಗುತ್ತದೆಯೇ? ನನಗೂ ಗೊತ್ತಿಲ್ಲ, ಅವನಿಗೂ ಗೊತ್ತಿರಲಿಲ್ಲ. ಆದರೆ ಬಿಸಿಲಿನಲ್ಲಿ ಸೆರಗೊಡ್ಡಿ ನಿಂತ ತಾಯಿ ಮಾತ್ರ ನಿಜ. ಅವನು ತಾಯಿಯ ಪಾದದ ಹತ್ತಿರ ಕುಸಿದು ಕುಳಿತು ಮಗುವಿನ ಹಾಗೆ ಅತ್ತ.

ಎಂಟನೆಯ ದಿನ ಪೇಟೆ ಬಾಗಿಲಲ್ಲಿ ಊರೇ ನೆರೆದಿತ್ತು. ಶಿಲ್ಪಿ ಚೌಡೋಜ ಉಳಿ ಸುತ್ತಿಗೆ ಹಿಡಿದು ಕಾದಿದ್ದ. ಸಾತವ್ವ ಹೆಂಗಸರ ನಡುವೆ ತಲೆ ತಗ್ಗಿಸಿ ನಿಂತಿದ್ದಳು.

"ಯಜಮಾನರೇ, ಏನು ಹೆಸರು ಕೆತ್ತಲಿ?" ಎಂದ ಚೌಡೋಜ.

"ತಿರಕಪ್ಪ."

ಗುಂಪಿನಲ್ಲಿ ಕಿಸಕ್ಕೆಂದು ನಗು ಎದ್ದಿತು. ಪದುಮಶೆಟ್ಟಿ ಮುಖ ಗಂಟಿಕ್ಕಿ ಮುಂದೆ ಬಂದ. "ಏನಪ್ಪಾ ಇದು? ಒಂದು ವಾರ ಹುಡುಕಿದರೂ ಬೇರೆ ಹೆಸರು ಸಿಗಲಿಲ್ಲವೇ?"

"ಬೇಕಾದಷ್ಟು ಸಿಕ್ಕವು, ಶೆಟ್ಟರೇ. ಆದರೆ ಈ ಹೆಸರನ್ನು ನನ್ನವ್ವ ಬೀದಿಯಲ್ಲಿ ಬೇಡಿ ತಂದಿದ್ದಾಳೆ." ತಿರಕಪ್ಪ ಎಲ್ಲರಿಗೂ ಕೇಳುವ ಹಾಗೆ ನಡೆದದ್ದನ್ನೆಲ್ಲ ಹೇಳಿದ. ಆಮೇಲೆ ಕೈಮುಗಿದು ಹೇಳಿದ. "ನೀವು ನಗುತ್ತಿರುವುದು ನಿಮ್ಮ ಮನೆಗಳೇ ಹಾಕಿದ ಭಿಕ್ಷೆಯನ್ನು ನೋಡಿ. ಅದರಿಂದಲೇ ನಾನು ಬೆಳೆದೆ ಎಂದು ನನ್ನವ್ವ ನಂಬಿದ್ದಾಳೆ."

ನಗು ಅಡಗಿತು. ಪದುಮಶೆಟ್ಟಿಯ ಮುಖ ಬಾಡಿತು. "ನಮ್ಮವ್ವ ನವಣೆ ಹಾಕಿದ್ದಳು" ಎಂದು ಅವನು ಮೆಲ್ಲಗೆ ಹೇಳಿದ. "ನಾನು ಬಾಗಿಲಲ್ಲಿ ನಿಂತು ನಕ್ಕಿದ್ದೆ." ಅವನು ಹೆಂಗಸರತ್ತ ತಿರುಗಿ ಸಾತವ್ವನಿಗೆ ಕೈಮುಗಿದ.

ಚೌಡೋಜ ಕಲ್ಲಿನ ಮೇಲೆ ಸುಣ್ಣದಲ್ಲಿ ಅಕ್ಷರ ಬರೆದುಕೊಂಡ. "ಎಷ್ಟು ಆಳಕ್ಕೆ ಕೆತ್ತಲಿ, ಯಜಮಾನರೇ?"

"ನನ್ನವ್ವನಿಗೆ ಓದಲು ಬಾರದು. ಅವಳ ಬೆರಳಿಗೆ ಸಿಗುವಷ್ಟು ಆಳಕ್ಕೆ ಕೆತ್ತು."

ಸಂಜೆಗೆ ಕೆಲಸ ಮುಗಿಯಿತು. ಎಲ್ಲರೂ ದಾರಿ ಬಿಟ್ಟರು. ಸಾತವ್ವ ಕಲ್ಲಿನ ಹತ್ತಿರ ಬಂದು ಮೊದಲ ಅಕ್ಷರದಲ್ಲಿ ಬೆರಳಿಟ್ಟಳು. ಕೊನೆಯ ಅಕ್ಷರದವರೆಗೂ ನಿಧಾನವಾಗಿ ಸವರುತ್ತ ಹೋದಳು. ಆಮೇಲೆ ಮಗನ ಕೆನ್ನೆಯನ್ನೂ ಹಾಗೆಯೇ ಸವರಿದಳು.

ನೀತಿ: ಹೆಸರಿನ ಅರ್ಥವನ್ನು ಊರೆಲ್ಲ ವಿಚಾರಿಸಬಹುದು. ಅದರ ಬೆಲೆ ತಿಳಿಯಬೇಕಾದರೆ ಇಟ್ಟವರನ್ನೇ ಕೇಳಬೇಕು. ನಮಗೆ ಸಿಕ್ಕಿದ್ದರ ಬಗ್ಗೆ ನಾಚಿಕೆಪಡುವ ಮೊದಲು, ಅದನ್ನು ಕೊಟ್ಟವರು ಏನನ್ನು ಬಿಟ್ಟುಕೊಟ್ಟರು ಎಂದು ತಿಳಿಯೋಣ.