ದುಗ್ಗ ಅಪ್ಪನನ್ನು ಜೋಡಿಸಿದ್ದು

ಕಡಲ ದಂಡೆಯ ಸೋಮಿಗೆ ಒಬ್ಬನೇ ಮಗ, ದುಗ್ಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಕರ್ಮ.

ಬಂದರಿನ ಮೀನುಗಾರರ ಸಂಘಕ್ಕೆ ಹೊಸ ಕಂಪ್ಯೂಟರ್ ಬಂತು. ಅದರೊಳಗೆ ಕಡಲಿನ ನಕಾಶೆ. ದೋಣಿಯವರು ಹೊಸದೇನೂ ಕೊಳ್ಳಬೇಕಾಗಿರಲಿಲ್ಲ. ಇದ್ದ ವೈರ್‌ಲೆಸ್ಸಿನಲ್ಲೇ ಕರೆದರೆ ಸಾಕು, ನಕಾಶೆಗೆ ಸೇರಿಸಬಹುದು. ಸೇರಿದ ದೋಣಿ ಚುಕ್ಕೆಯಾಗಿ ಕಾಣುತ್ತದೆ, ದೋಣಿ ಓಡಿದರೆ ಚುಕ್ಕೆಯೂ ಓಡುತ್ತದೆ. ಅದರ ಮುಂದೆ ದುಗ್ಗನನ್ನು ಕೂರಿಸಿದರು. "ಕರೆದ ದೋಣಿಗಳನ್ನೆಲ್ಲ ಜೋಡಿಸು," ಅಂದರು.

ದುಗ್ಗ ದೋಣಿಗಳು ನಿಲ್ಲುವ ದಕ್ಕೆಗೆ ಹೋಗಿ, ಕರೆದ ದೋಣಿಗಳನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟಿದ. ಅವತ್ತು ಒಂದೂ ಹೊರಡಲಿಲ್ಲ.

"ಹಗ್ಗದಲ್ಲಲ್ಲವೋ ಪೆದ್ದೇ," ಬೈದಳು ಸೋಮಿ. "ಯಾರು ಅಂತ ಕೇಳು. ಅವರು ಏನು ಹೇಳ್ತಾರೋ ಚುಕ್ಕೆಗೆ ಅದೇ ಹೆಸರು ಹಾಕು."

ಮರುದಿನ ಕರೆದವರನ್ನೆಲ್ಲ ದುಗ್ಗ ಯಾರು, ಯಾರು ಅಂತ ಕೇಳಿದ. ಹೊಸಬು ಅಂತ ಒಬ್ಬ ತಾಂಡೇಲ, ದೋಣಿ ನಡೆಸುವವನು, ಅವನಿಗೆ ರೇಗಿತು. "ಇನ್ಯಾರು, ನಿನ್ನಪ್ಪ," ಅಂದ.

ದುಗ್ಗ "ಅಪ್ಪ" ಅಂತ ಹಾಕಿದ.

ದುಗ್ಗನ ಅಪ್ಪ ಮಾರ್ತು ಕಡಲಿಗೆ ಹೋದವನು ತಿರುಗಿ ಬಂದಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ. ಮಧ್ಯಾಹ್ನ ಹೊಸಬು ದೋಣಿಯನ್ನು ದಕ್ಕೆಗೆ ಕಟ್ಟಿ, ಮೀನು ಇಳಿಸಿ ಮನೆಗೆ ಹೋದ. "ಅಪ್ಪ" ಅನ್ನುವ ಚುಕ್ಕೆ ಮಾತ್ರ ಕಡಲಲ್ಲೇ ಉಳಿಯಿತು. ಬುತ್ತಿ ತಂದ ಸೋಮಿ ಅದನ್ನು ನೋಡಿ ಬುತ್ತಿ ಕೆಳಗಿಟ್ಟು ಕೂತಳು.

"ಅದನ್ನು ಅಳಿಸು ಮಗಾ."

ದುಗ್ಗ ಒದ್ದೆ ಬಟ್ಟೆ ತಂದು ಪರದೆ ಒರೆಸಿದ. ಗಾಜು ಫಳಫಳ ಹೊಳೆಯಿತು. ಅಷ್ಟರಲ್ಲಿ ಚುಕ್ಕೆ ದಡದ ಕಡೆ ಸರಿದಿತ್ತು. ವೈರ್‌ಲೆಸ್ಸು ಗೊರಗುಟ್ಟಿತು. "ಸೋಮೀ," ಅಂತು ಒಂದು ದನಿ, ಬಾಯಿ ತುಂಬ ನೀರು ಇಟ್ಟುಕೊಂಡ ಹಾಗೆ.

ಸತ್ತವರು ಕರೆದರೆ ಓಗೊಡಬಾರದು. ಸೋಮಿ ಬಾಯಿಗೆ ಸೆರಗು ಒತ್ತಿಕೊಂಡು ಎದ್ದಳು. "ಬಟ್ಟೆಯಲ್ಲಲ್ಲವೋ," ಅಂತ ಪಿಸುಗುಟ್ಟಿದಳು. "ಮತ್ತೆ ಕರೆದರೆ ಅಮ್ಮ ಮನೆಯಲ್ಲಿಲ್ಲ ಅನ್ನು."

ಮನೆಗೆ ಓಡಿಹೋಗಿ ಅಗಳಿ ಹಾಕಿಕೊಂಡಳು.

ಮತ್ತೆ ಆ ದನಿ ಬಂತು. "ಅಮ್ಮ ಎಲ್ಲಿ ಮಗಾ?"

"ಅಮ್ಮ ಮನೆಯಲ್ಲಿಲ್ಲ ಅಪ್ಪಾ," ಅಂದ ದುಗ್ಗ. "ಹಾಗಂತ ನಿನಗೆ ಹೇಳು ಅಂದು ಮನೆಗೆ ಹೋದಳು. ಅಗಳಿ ಹಾಕಿರ್ತಾಳೆ. ಜೋರಾಗಿ ತಟ್ಟು."

ಚುಕ್ಕೆ ದಕ್ಕೆ ದಾಟಿತು. ಮರಳು ದಾಟಿತು. ಅವರ ಕೇರಿ ಇರುವ ಜಾಗಕ್ಕೆ ಬಂದು ನಿಂತಿತು. ವೈರ್‌ಲೆಸ್ಸಿನಲ್ಲಿ ಬಾಗಿಲು ತಟ್ಟುವ ಸದ್ದು. ಅದರ ಹಿಂದೆ, ದೂರದಿಂದ, ಅಮ್ಮನ ದನಿ. "ಯಾರದು?"

ಯಾರು ಅಂತ ಕೇಳಿದರೆ ಹೆಸರು ಹೇಳಬೇಕಲ್ಲ. ದುಗ್ಗ ಮೈಕನ್ನು ಬಾಯಿಗೆ ಹಿಡಿದು, "ನಾನಮ್ಮ, ದುಗ್ಗ," ಅಂದ. ಅದೇ ಮಾತು ಅಲ್ಲಿ ಬಾಗಿಲಾಚೆ ಕೇಳಿಸಿತು.

ಅಗಳಿ ಸರಿದ ಸದ್ದಾಯಿತು.